ಚಾರ್ಜು ಒಪ್ಪಿಕೊಂಡ ಚಿಕ್ಕಪ್ಪ

ಇದನ್ನು ನೀವು ನಂಬುವುದಿಲ್ಲ, ಬೇಕಾದರೆ ರುಜು ಹಾಕಿ ಬರೆದುಕೊಡುತ್ತೇನೆ. ಮಧುಗಿರಿಯ ಅರ್ಧ ಊರು ಕಣ್ಣಾರೆ ಕಂಡೂ ನಂಬಿಲ್ಲ. ಉಳಿದರ್ಧ ನಂಬಿದೆ, ಆದರೆ ಅವರು ನಂಬಿರುವುದು ನಮ್ಮ ಬೀದಿಯ ಕೊನೇ ಮನೆಯವರು ಹೇಳುವ ಕಥೆಯನ್ನು. ಅದರಲ್ಲಿ ನಮ್ಮ ಚಿಕ್ಕಪ್ಪ ಕುದುರೆ ಏರಿ ಕಚೇರಿಗೆ ಹೋಗುತ್ತಾನೆ. ಕುದುರೆ ಇರಲಿಲ್ಲ. ಕುದುರೆ ಸವಾರರು ಹಾಕುವ ಷರಾಯಿ ಮಾತ್ರ ಇತ್ತು. ಆ ಷರಾಯಿಗೆ ಕಾರಣ ನಾನು.

ನಾನು ಎಂದರೆ ಇಂಗ್ಲಿಷ್ ಲೋಯರ್ ಸೆಕೆಂಡರಿ ಪಾಸು ಮಾಡಿದ, ನಮ್ಮ ಬೀದಿಯ ಹೆಣ್ಣುಮಕ್ಕಳಲ್ಲಿ ಮೊದಲನೆಯವಳು. ಎರಡನೆಯವಳು ಇನ್ನೂ ಹುಟ್ಟಿಲ್ಲ. ಕೆಮ್ಮಿನ ಔಷಧಿಯ ಸೀಸೆ, ಸೋಪಿನ ಕಾಗದ, ತಂತಿ, ಬಸ್ಸಿನ ಹಲಗೆ, ಯಾವುದರ ಮೇಲೆ ಇಂಗ್ಲಿಷ್ ಇದ್ದರೂ ಅದು ನಮ್ಮ ಜಗಲಿಗೆ ಬರಬೇಕು. ನಾನು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ಕಾಗದವನ್ನು ಒಂದು ಸಲ ದೂರ ಹಿಡಿದು, ಒಂದು ಸಲ ಹತ್ತಿರ ಹಿಡಿದು, ಹೂಂ ಎಂದು ಅರ್ಥ ಹೇಳುತ್ತಿದ್ದೆ. ಇಂಗ್ಲಿಷಿನಲ್ಲಿ ನನಗೆ ಗೊತ್ತಿಲ್ಲ ಎಂದು ನಾನು ಹೇಳಿದ ಪದ ಇಲ್ಲಿಯವರೆಗೆ ಒಂದೂ ಇಲ್ಲ. ಗೊತ್ತಿಲ್ಲದ ಪದಗಳಿದ್ದವು, ಅದು ಬೇರೆ ಮಾತು.

ಚಿಕ್ಕಪ್ಪ ನಮ್ಮಪ್ಪನ ತಮ್ಮ. ಊರಾಚೆಯ ದನದ ದೊಡ್ಡಿಯನ್ನು ನೋಡಿಕೊಳ್ಳುತ್ತಿದ್ದ. ಯಾರದೋ ಹೊಲಕ್ಕೆ ನುಗ್ಗಿ ಸಿಕ್ಕಿಬಿದ್ದ ದನ ಎಮ್ಮೆಗಳನ್ನು ಯಜಮಾನ ಬರುವವರೆಗೆ ಅಲ್ಲಿ ಕೂಡಿಹಾಕುತ್ತಾರೆ. ನಿಜವಾದ ದೊಡ್ಡಿಯವನು ಹಾಸಿಗೆ ಹಿಡಿದಿದ್ದರಿಂದ ಚಿಕ್ಕಪ್ಪ ಅವನ ಬದಲಿಗೆ ಹೋಗುತ್ತಿದ್ದ. ಅದಕ್ಕೆ ಆಕ್ಟಿಂಗ್ ಎನ್ನುತ್ತಾರೆ. ಹೋಗಿ ಒಂದು ವರ್ಷವಾಗಿತ್ತು. ಕೆಲಸ ಖಾಯಂ ಆದ ದಿನ ತಾಲ್ಲೂಕು ಕಚೇರಿಗೆ ಕರೆದು, ಕಾಗದ ಕೊಟ್ಟು, ಚಾರ್ಜು ವಹಿಸುತ್ತಾರೆ. ನಮ್ಮ ಮನೆಯಲ್ಲಿ ದೇವರ ಹೆಸರಿಗಿಂತ ಹೆಚ್ಚು ಸಲ ಕೇಳಿಸುತ್ತಿದ್ದ ಪದ ಈ ಚಾರ್ಜು.

ಯಾಕೆಂದರೆ ಚಿಕ್ಕಪ್ಪನ ಮದುವೆ ಅದರ ಮೇಲೆ ನಿಂತಿತ್ತು. ಪಾವಗಡದ ಕಡೆ, ನಿಡುಗಲ್ಲಿನಲ್ಲಿ, ಒಂದು ಹುಡುಗಿ ಗೊತ್ತಾಗಿದ್ದಳು. ಚಿಕ್ಕಪ್ಪ ಅವಳನ್ನು ನೋಡಿದ್ದು ಒಂದೇ ಸಲ, ಅದೂ ಅವಳು ನೀರಿನ ಕೊಡ ಹೊತ್ತು ಆ ಕಡೆ ತಿರುಗಿ ಹೋಗುತ್ತಿದ್ದಾಗ. ಅಷ್ಟಕ್ಕೇ ಊಟ ಬಿಟ್ಟಿದ್ದ. ಹುಡುಗಿಯ ಅಪ್ಪ, ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುವ ಯಜಮಾನರು, ನಮ್ಮ ಜಗಲಿಯ ಮೇಲೆ ಛತ್ರಿ ಮಡಿಸಿಟ್ಟುಕೊಂಡು ಒಂದೇ ಮಾತು ಹೇಳಿ ಹೋಗಿದ್ದರು.

"ಆಕ್ಟಿಂಗೂ ಗೀಕ್ಟಿಂಗೂ ನಾಟಕದೋರಿಗಪ್ಪಾ. ಚಾರ್ಜು ಚೇತಿಗೆ ಬರ್ಲಿ, ಆಮೇಲೆ ತಾಂಬೂಲ."

ಚೇತಿ ಎಂದರೆ ಕೈ. ಚಿಕ್ಕಪ್ಪ ಆವತ್ತಿನಿಂದ ತನ್ನ ಕೈಯನ್ನು ದಿನಕ್ಕೆ ನೂರು ಸಲ ನೋಡಿಕೊಳ್ಳುತ್ತಿದ್ದ.

ಇನ್ನು ಎಮ್ಮೆಯ ವಿಷಯ. ಮಿಡಿಗೇಶಿಯ ಒಬ್ಬ ಮುದುಕಿ ಮಗಳ ಬಾಣಂತನಕ್ಕೆಂದು ಮಧುಗಿರಿಗೆ ಬಂದವಳು, ಬಾಣಂತಿಗೆ ಹಾಲಿರಲಿ ಎಂದು ಎಮ್ಮೆಯನ್ನೂ ಹೊಡೆದುಕೊಂಡು ಬಂದಿದ್ದಳು. ಊರು ಹೊಸದಾದ್ದರಿಂದ ಎಮ್ಮೆ ದಾರಿ ತಪ್ಪಿ ಯಾರದೋ ರಾಗಿಹೊಲಕ್ಕೆ ನುಗ್ಗಿ, ದೊಡ್ಡಿ ಸೇರಿತು. ಮುದುಕಿ ಮೂರು ದಿನ ಎಲ್ಲೆಲ್ಲೋ ಹುಡುಕಿದಳು. ಆ ಮೂರು ದಿನ ನಮ್ಮ ಮನೆಯ ಕಾಫಿಯನ್ನು ನೀವು ಕುಡಿಯಬೇಕಿತ್ತು. ನಮ್ಮ ಹಸುವಿನ ಹಾಲನ್ನು ಹಾಲು ಎಂದು ಕರೆಯುವುದು ಅದು ಬೆಳ್ಳಗಿದೆ ಎಂಬ ಒಂದೇ ಕಾರಣಕ್ಕೆ. ಆ ಮೂರು ದಿನ ಮಾತ್ರ ಲೋಟವನ್ನು ಬೋರಲು ಹಾಕಿದರೂ ಕಾಫಿ ಯೋಚನೆ ಮಾಡಿ ಬೀಳುತ್ತಿತ್ತು. ದೊಡ್ಡಿಯಿಂದ ಹಾಲು ಬರುತ್ತಿದೆ ಎಂದು ನನಗೆ ಗೊತ್ತಿತ್ತು. ದೊಡ್ಡಿ ಚಿಕ್ಕಪ್ಪನದು, ಹಾಲು ದೊಡ್ಡಿಯದು, ಕಾಫಿ ನನ್ನದು. ಇದರಲ್ಲಿ ಕೇಳುವುದೇನಿದೆ.

ನಾಲ್ಕನೇ ದಿನ ಮುದುಕಿ ದೊಡ್ಡಿಗೆ ಬಂದು ಎಮ್ಮೆಯ ಕೆಚ್ಚಲು ಮುಟ್ಟಿ ನೋಡಿದಳಂತೆ.

"ಮೂರ್ ದಿನದ ಹಾಲು ಎಲ್ಲೋಯ್ತಪ್ಪ?"

"ನನ್ನೇನ್ ಕೇಳ್ತೀಯವ್ವ, ಎಮ್ಮೇನೇ ಕೇಳು" ಎಂದನಂತೆ ಚಿಕ್ಕಪ್ಪ. ಹೇಳಿ ನಕ್ಕು, ಮನೆಗೆ ಬಂದು ನಮಗೂ ಹೇಳಿ ನಗಿಸಿದ. ಮುದುಕಿ ನಗಲಿಲ್ಲ ಎನ್ನುವುದನ್ನು ಮಾತ್ರ ಹೇಳಲಿಲ್ಲ.

ಇದಾಗಿ ಒಂದು ತಿಂಗಳು. ಒಂದು ಶುಕ್ರವಾರ ಕಚೇರಿಯ ಜವಾನ ದೊಡ್ಡಿಗೆ ಬಂದು, ಒಂದು ಕಾಗದ ಕೊಟ್ಟು, ಇನ್ನೊಂದರಲ್ಲಿ ರುಜು ಹಾಕಿಸಿಕೊಂಡು, "ಚಾರ್ಜಿನ ಕಾಗ್ದ ಕಣಣ್ಣ, ಬುಧವಾರ ಅಮಲ್ದಾರ್ರ ಮುಂದೆ ಬರ್ಬೇಕಂತೆ" ಎಂದು ಹೊರಟುಹೋದ. ಚಿಕ್ಕಪ್ಪ ದೊಡ್ಡಿಯ ಬಾಗಿಲನ್ನೂ ಹಾಕದೆ ಮನೆಗೆ ಓಡಿಬಂದ. ಅವನ ಹಿಂದೆ ಎರಡು ಕತ್ತೆಗಳೂ ಬಂದವು.

ಆವತ್ತು ಮನೆಯಲ್ಲಿ ನಾನೊಬ್ಬಳೇ. ಅಪ್ಪ ಕಂಬಳಿ ವ್ಯಾಪಾರಕ್ಕೆ ಹುಲಿಕುಂಟೆ ಕಡೆ ಹೋಗಿದ್ದ. ಅಮ್ಮ ಕೊರಟಗೆರೆಯ ತವರಿಗೆ, ಅಜ್ಜಿಗೆ ಜ್ವರವೆಂದು ಹಿಂದಿನ ದಿನವೇ ಹೋಗಿದ್ದಳು.

"ಓದಮ್ಮಿ, ಬಿರ್ರನೆ ಓದು. ಬಂದ್ಬುಡ್ತು ಅನ್ಸ್ತೈತೆ."

ನಾನು ಕಾಗದವನ್ನು ದೂರ ಹಿಡಿದೆ, ಹತ್ತಿರ ಹಿಡಿದೆ. ಮೇಲೆ ಸಮನ್ಸ್ ಎಂದು ಅಚ್ಚಾಗಿತ್ತು.

"ಸಮನ್ಸಾ? ಅದು ಕೇಸಿನೋರಿಗಲ್ವಾ ಕಳ್ಸೋದು?" ಚಿಕ್ಕಪ್ಪನ ಮುಖ ಸಣ್ಣದಾಯಿತು.

ಅವನ ಮುಖ ಸಣ್ಣದಾದದ್ದನ್ನು ನೋಡಲಾರದೆ ನಾನು ಹಾಗೆ ಹೇಳಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜವೇನೆಂದರೆ ನನಗೆ ಆ ಪದದ ಅರ್ಥ ಗೊತ್ತಿತ್ತು, ಗೊತ್ತಿರುವ ಪದ ಸಿಕ್ಕಾಗ ನಾನು ಬಿಡುವವಳಲ್ಲ. "ಸಮನ್ ಅಂದ್ರೆ ಕರೆಯೋದು ಚಿಕ್ಕಪ್ಪ. ಕೇಸಿಗೂ ಕರೀತಾರೆ, ಮದ್ವೆಗೂ ಕರೀತಾರೆ. ಮುಂದೆ ಕೇಳು."

ಮುಂದೆ ಅಚ್ಚಿನಲ್ಲಿ, ಯುವರ್ ಅಟೆಂಡೆನ್ಸ್ ಈಸ್ ನೆಸೆಸರಿ. ನಿಮ್ಮ ಹಾಜರಿ ಬಹಳ ಅವಶ್ಯ, ಎಂದರೆ ನೀನಿಲ್ಲದೆ ಕಚೇರಿ ನಡೆಯುವುದಿಲ್ಲ. ಟು ಆನ್ಸರ್, ಉತ್ತರ ಹೇಳುವುದಕ್ಕೆ, ಎಂದರೆ ಪರೀಕ್ಷೆಯಲ್ಲಿ ಕೇಳುವ ಹಾಗೆ ಒಂದೆರಡು ಪ್ರಶ್ನೆ ಕೇಳುತ್ತಾರೆ. ಟು ಎ ಚಾರ್ಜ್. ಇದನ್ನು ನಾನು ಹೇಳಬೇಕಾಗಿಯೇ ಇರಲಿಲ್ಲ. ಚಿಕ್ಕಪ್ಪ ಆಗಲೇ ಕಂಬ ತಬ್ಬಿಕೊಂಡಿದ್ದ.

ಅಲ್ಲಿಂದ ಮುಂದೆ ಅಚ್ಚು ಮುಗಿದು ಕೈಬರಹ ಶುರುವಾಯಿತು. ಬರೆದ ಗುಮಾಸ್ತನಿಗೆ ಬಹುಶಃ ಬಸ್ಸು ಹೊರಡುತ್ತಿತ್ತು. ಮೊದಲು ಸಿ, ಆರ್, ಎಲ್ ಎಂಬ ಮೂರು ಅಕ್ಷರ, ಒಂದು ಚುಕ್ಕೆ. ಆಮೇಲೆ ಬ್ರೀಚ್. ಆಮೇಲೆ ಆಫ್ ಟ್ರಸ್ಟ್. ಟ್ರಸ್ಟ್ ಎಂದರೆ ನಂಬಿಕೆ, ಅದು ನನಗೆ ಗೊತ್ತು. ಸಿ ಆರ್ ಎಲ್ ಎಂದರೆ ಏನೆಂದು ಒಂದು ಕ್ಷಣ ಯೋಚಿಸಿದೆ. ಸರ್ಕಲ್. ಸರ್ಕಲ್ ಇನ್ಸ್ಪೆಕ್ಟರು ಇರುವಾಗ ಸರ್ಕಲ್ ದೊಡ್ಡಿ ಯಾಕಿರಬಾರದು. ಉಳಿದದ್ದು ಬ್ರೀಚ್. ಒಬ್ಬ ಬಿಳಿ ದೊರೆ ಕುದುರೆಯ ಮೇಲೆ ಬಂದದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ. ತೊಡೆಯ ಹತ್ತಿರ ಬುಗ್ಗೆಯಾಗಿ ಮೊಣಕಾಲಿನ ಕೆಳಗೆ ಬಿಗಿಯಾದ ಅವನ ಷರಾಯಿಗೆ ಬ್ರೀಚಸ್ ಎನ್ನುತ್ತಾರೆಂದು ಅಪ್ಪ ಹೇಳಿದ್ದ.

"ಚಿಕ್ಕಪ್ಪ, ನಿನ್ನ ಮೇಲೆ ನಂಬಿಕೆ ಇಟ್ಟು ಸರ್ಕಲ್ ಬ್ರೀಚಸ್ ಕೊಡ್ತಾ ಅವ್ರೆ."

ಚಿಕ್ಕಪ್ಪ ಕಂಬ ಬಿಟ್ಟು ಕೆಳಗೆ ಕೂತುಬಿಟ್ಟ. ಕೂತಲ್ಲಿಂದಲೇ, "ಕೊಡ್ತಾರಾ, ಇಲ್ಲಾ ನಾವೇ ಹೊಲ್ಸ್ಕೊಂಡೋಗ್ಬೇಕಾ?" ಎಂದ. ಕಾಗದದಲ್ಲಿ ಕೊಡುತ್ತೇವೆ ಎಂದೇನೂ ಇರಲಿಲ್ಲವಾದ್ದರಿಂದ, ಹೊಲಿಸಿಕೊಂಡು ಹೋಗುವುದು ಒಳ್ಳೆಯದು ಎಂದೆ. ನಾನು ಜವಾಬ್ದಾರಿಯಿಂದಲೇ ಹೇಳಿದ್ದು.

ಶನಿವಾರ ಬೆಳಿಗ್ಗೆ ಇಬ್ಬರೂ ದರ್ಜಿ ಸಾಬರ ಅಂಗಡಿಗೆ ಹೋದೆವು. ಅವರು ಸಿರಾದವರು. ಮಿಷಿನ್ನಿನ ಮೇಲೆ ಕೈಯಿಟ್ಟು, ಕನ್ನಡಕದ ಮೇಲಿಂದ ಚಿಕ್ಕಪ್ಪನ ಕಾಲುಗಳನ್ನು ಪಾದದಿಂದ ಸೊಂಟದವರೆಗೆ ನೋಡಿದರು.

"ಬಿರ್ಜಿಸ್ ಹೊಲೀಬೋದು ಸಾಮಿ. ಲೇಕಿನ್ ಅದು ಹಾಕ್ಬೇಕಾದ್ರೆ ಘೋಡಾ ಬೇಕಲ್ಲ. ಎಲ್ಲೈತೆ ನಿಮ್ದು ಘೋಡಾ?"

"ದೊಡ್ಡೀಲಿ ಕತ್ತೆ ಅವೆ" ಎಂದ ಚಿಕ್ಕಪ್ಪ, ಬಹಳ ಗಂಭೀರವಾಗಿ.

"ಅಚ್ಛಾ. ಕತ್ತೆಗೆ ಒಂದು ಸೈಜ್ ಕಮ್ಮಿ ಮಾಡ್ತೀನಿ."

ಷರಾಯಿ ಮಂಗಳವಾರ ಸಿಗುವುದೆಂದಾಯಿತು. ಚಿಕ್ಕಪ್ಪ ಅಲ್ಲಿಂದ ನೆಟ್ಟಗೆ ಬಸ್ಸಿನವನ ಕೈಯಲ್ಲಿ ನಿಡುಗಲ್ಲಿಗೆ ಹೇಳಿಕಳಿಸಿದ. ಬುಧವಾರ ಚಾರ್ಜು, ಯಜಮಾನರು ಬಂದು ಕಣ್ಣಾರೆ ನೋಡಬೇಕು, ಅಲ್ಲೇ ತಾಂಬೂಲ ಬದಲಾಯಿಸಿಬಿಡೋಣ. ಯಜಮಾನರು ಬರುತ್ತೇವೆಂದು ಮಾರನೆಯ ದಿನವೇ ಹೇಳಿಕಳಿಸಿದರು.

ಇಲ್ಲಿಯವರೆಗೆ ಕಥೆ ಚೆನ್ನಾಗಿತ್ತು. ನಾನು ಸೋಮವಾರ ಮೇಷ್ಟ್ರ ಮನೆಗೆ ಹೋಗದಿದ್ದರೆ ಇನ್ನೂ ಎರಡು ದಿನ ಚೆನ್ನಾಗಿರುತ್ತಿತ್ತು. ಹೋದದ್ದು ಅನುಮಾನದಿಂದಲ್ಲ, ಜಂಬದಿಂದ. ನಮ್ಮ ಇಂಗ್ಲಿಷ್ ಮೇಷ್ಟ್ರು ತರಗತಿಯಲ್ಲಿ ನನ್ನ ಅನುವಾದಕ್ಕೆ "ಬುರುಡೆ" ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದವರು. ಆ ಬುರುಡೆಯಿಂದ ಈಗ ಒಂದು ಸರ್ಕಾರಿ ಕಾಗದ ಬಗೆಹರಿದಿದೆ ಎಂದು ತೋರಿಸಬೇಕಿತ್ತು.

ಮೇಷ್ಟ್ರು ಕಾಗದ ಓದಿದರು. ನಸ್ಯ ಏರಿಸಿದರು. ಸೀನಿದರು. ಇನ್ನೊಂದು ಸಲ ಓದಿದರು.

"ಸಿ ಆರ್ ಎಲ್ ಅಂದ್ರೆ ಏನು ಹೇಳ್ದೆ?"

"ಸರ್ಕಲ್, ಸಾರ್."

"ಕ್ರಿಮಿನಲ್ ಕಣೇ ಅದು. ಬ್ರೀಚ್ ಅಂದ್ರೆ ಮುರಿಯೋದು. ನಂಬಿಕೆ ಮುರಿದ ಅಪರಾಧ. ನಿಮ್ಮ ಚಿಕ್ಕಪ್ಪನ ವಶಕ್ಕೆ ಕೊಟ್ಟಿದ್ದನ್ನ ಅವನು ನುಂಗ್ಹಾಕಿದಾನೆ ಅಂತ ಯಾರೋ ಫಿರ್ಯಾದು ಕೊಟ್ಟಿದಾರೆ."

ನನ್ನ ಕಣ್ಣ ಮುಂದೆ ಮೂರು ದಿನದ ಕಾಫಿ ಬಂದು ನಿಂತಿತು.

"ಮತ್ತೆ ಚಾರ್ಜು, ಸಾರ್? ಚಾರ್ಜು ಅಂದ್ರೆ ಕೆಲಸ ವಹಿಸೋದಲ್ವಾ?"

"ಅದೂ ಹೌದು. ಇದೂ ಹೌದು. ಬಸ್ಸಿನವನು ಕೇಳೋದೂ ಚಾರ್ಜು, ರಣರಂಗದಲ್ಲಿ ನುಗ್ಗೋದೂ ಚಾರ್ಜು. ಕೋರ್ಟಲ್ಲಿ ಚಾರ್ಜು ಅಂದ್ರೆ ಬೇರೆ. ನಿಮ್ಮ ಬೀದೀಲಿ ಹೆಂಗಸರು ಒಬ್ಬರ ತಲೆ ಮೇಲೆ ಒಬ್ಬರು ಗೂಬೆ ಕೂರಿಸ್ತಾರಲ್ಲ, ಅದನ್ನೇ ಕಾಗದದ ಮೇಲೆ ಬರೆದು, ಯಾವ ಗೂಬೆ, ಯಾವತ್ತು ಕೂತಿತು, ಎಲ್ಲಿ ಕೂತಿತು ಅಂತ ಹೇಳಿ, ಕೆಳಗೆ ಅಧಿಕಾರಿ ರುಜು ಹಾಕಿದ್ರೆ ಅದು ಚಾರ್ಜು. ಗೂಬೆ ನಿಜವಾಗ್ಲೂ ಕೂತಿತ್ತು ಅಂತ ಅಲ್ಲ. ಕೂತಿತ್ತಾ ಇಲ್ವಾ, ನೀನೇ ಹೇಳಪ್ಪ ಅಂತ ಕೇಳೋದು. ಅದಕ್ಕೇ ಆನ್ಸರ್. ಬುಧವಾರ ಅವನನ್ನ ಕೇಳೋದು ಒಂದೇ ಪ್ರಶ್ನೆ: ಚಾರ್ಜು ಒಪ್ಕೋತೀಯಾ ಅಂತ. ಒಪ್ಕೊಂಡ ಅನ್ನು, ಮುಗೀತು. ಕೆಲಸವೂ ಹೋಯ್ತು, ಮಾನವೂ ಹೋಯ್ತು. ಇಲ್ಲ ಸ್ವಾಮಿ ಅನ್ನಕ್ಕೆ ಹೇಳು."

ಚಿಕ್ಕಪ್ಪ ಕಳೆದ ಮೂರು ದಿನದಿಂದ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದದ್ದು ಒಂದೇ ವಾಕ್ಯ: ಚಾರ್ಜು ಒಪ್ಪಿಕೊಂಡಿದ್ದೇನೆ ಬುದ್ಧಿ.

ನಾನು ಮನೆಗೆ ಓಡಿದ ವೇಗಕ್ಕೆ ದಾರಿಯಲ್ಲಿದ್ದ ಕೋಳಿಗಳು ಇವತ್ತಿಗೂ ಮೊಟ್ಟೆ ಇಟ್ಟಿಲ್ಲ. ಓಡುವಾಗ ನನಗೆ ಬಂದ ಸಿಟ್ಟು ಮುದುಕಿಯ ಮೇಲಲ್ಲ, ಗುಮಾಸ್ತನ ಮೇಲಲ್ಲ, ಆ ಪದದ ಮೇಲೆ. ನಮ್ಮಲ್ಲಿ ದೂರು ಎಂದರೆ ದೂರು, ಚಾಡಿ ಎಂದರೆ ಚಾಡಿ, ಅಪವಾದ ಎಂದರೆ ಅಪವಾದ. ಒಂದೊಂದಕ್ಕೂ ಒಂದೊಂದು ಮುಖ ಇದೆ. ಇದು ಯಾವ ಜಾತಿಯ ಪದ. ಬೆಳಿಗ್ಗೆ ಕೆಲಸ ಕೊಡುತ್ತದೆ, ಮಧ್ಯಾಹ್ನ ಬಸ್ಸಿಗೆ ಹತ್ತಿಸುತ್ತದೆ, ಸಾಯಂಕಾಲ ಜೈಲಿಗೆ ಹಾಕುತ್ತದೆ. ಮೂರಕ್ಕೂ ಒಂದೇ ಬಟ್ಟೆ ಹಾಕಿಕೊಂಡು ಬಂದರೆ ಪಾಪದವರು ಗುರುತು ಹಿಡಿಯುವುದು ಹೇಗೆ.

ಚಿಕ್ಕಪ್ಪ ಮನೆಯಲ್ಲಿ ರುಮಾಲಿಗೆ ಗಂಜಿ ಹಾಕುತ್ತಿದ್ದ. ಎಲ್ಲವನ್ನೂ ಹೇಳಿದೆ. ಗಂಜಿಯಿಂದ ಕೈಯೆತ್ತಲಿಲ್ಲ.

"ಶುಕ್ರವಾರ ಬ್ರೀಚಸ್ಸು ಅಂದೆ. ಇವತ್ತು ಕೇಸು ಅಂತೀಯ. ನಾಳೆ ನೇಣು ಅಂತೀಯ."

"ಮೇಷ್ಟ್ರೇ ಹೇಳಿದ್ದು ಚಿಕ್ಕಪ್ಪ."

"ನಿಮ್ ಮೇಷ್ಟ್ರು ನಿನ್ನ ಇಂಗ್ಲೀಷು ಬುರುಡೆ ಅಂತ ಬರೆಯೋರಲ್ವಾ? ನೀನೇ ಅಳ್ತಾ ಬಂದು ಹೇಳ್ತಿದ್ದೆ, ಆವಯ್ಯಂಗೆ ಹೊಟ್ಟೆಕಿಚ್ಚು ಅಂತ. ಈಗ ನಿಜ ಮಾಡ್ಬುಟ್ರು ನೋಡು."

ನಾನೇ ಹೇಳಿದ್ದು ನಿಜ. ನಾನು ಯಾಕೆ ಅಷ್ಟೊಂದು ಹೇಳುತ್ತೇನೋ.

"ಎಮ್ಮೆ ಹಾಲಿನ ವಿಷಯ ಕಣೋ ಚಿಕ್ಕಪ್ಪ. ಮಿಡಿಗೇಶಿ ಅಜ್ಜಿ ಎಮ್ಮೆ."

ಆಗ ಮಾತ್ರ ಅವನ ಕೈ ಒಂದು ಕ್ಷಣ ನಿಂತಿತು. "ಹಾಲಿಗೆಲ್ಲ ಯಾರಾದ್ರೂ ಕೇಸು ಹಾಕ್ತಾರೇನಮ್ಮಿ" ಎಂದ. ಎಂದವನು ನನ್ನ ಕಡೆ ನೋಡದೆ ರುಮಾಲನ್ನು ಇನ್ನೂ ಜೋರಾಗಿ ಹಿಂಡತೊಡಗಿದ. "ಯಜಮಾನ್ರು ಬತ್ತಾ ಅವ್ರೆ. ಬ್ಯಾಡ ಅಂತ ಹೇಳಕ್ಕಾಯ್ತದಾ? ಸುಮ್ಕಿರು."

ದರ್ಜಿ ಸಾಬರ ಹತ್ತಿರ ಹೋಗಿ, ಷರಾಯಿ ಹೊಲಿಯಬೇಡಿ ಎಂದೆ. "ಕಟಿಂಗ್ ಆಗೋಯ್ತು ಬೇಟಿ. ಕಟಿಂಗ್ ಆದ್ಮೇಲೆ ಅಮಲ್ದಾರ್ ಬಂದ್ರೂ ನಿಲ್ಸಲ್ಲ" ಎಂದರು. ಜವಾನನನ್ನು ಹಿಡಿದು ಕೇಳಿದೆ. "ಚಾರ್ಜು ಅಂದ್ರೆ ಚಾರ್ಜು ಕಣಮ್ಮ, ಅದ್ರಲ್ಲೇನ್ ಕೇಳ್ತೀಯ" ಎಂದ. ಪಕ್ಕದ ಮನೆಯವರಿಗೆ ಹೇಳಿದೆ. ಅವರು ನಕ್ಕು, "ಚಿಕ್ಕಪ್ಪಂಗೆ ಕೆಲ್ಸ ಸಿಕ್ತು ಅಂತ ನಿಂಗ್ಯಾಕೆ ಉರಿ" ಎಂದರು. ಸುಳ್ಳು ಹೇಳಿದಾಗ ನಂಬಿದ ಊರು, ನಿಜ ಹೇಳಿದಾಗ ನನ್ನ ಹಣೆ ಮುಟ್ಟಿ ಜ್ವರ ಇದೆಯಾ ಎಂದು ನೋಡಿತು. ಅಳುವಷ್ಟು ಸಿಟ್ಟು ಬಂದಿತ್ತು. ಅತ್ತೂಬಿಟ್ಟೆ. ಯಾರೂ ನೋಡಲಿಲ್ಲವಾದ್ದರಿಂದ ಬೇಗ ನಿಲ್ಲಿಸಿದೆ.

ಕೊನೆಗೆ ಉಳಿದದ್ದು ಅಮ್ಮ. ಅಮ್ಮನಿಗೆ ಓದು ಬರುವುದಿಲ್ಲ, ಅಲ್ಲಿ ಸೋದರಮಾವ ಓದಿ ಹೇಳುತ್ತಾನೆ. ಒಂದು ಕಾರ್ಡು ಬರೆದೆ. ಇಂಗ್ಲಿಷಿನಲ್ಲಿ ಬರೆಯೋಣ ಎಂದು ಕೈ ತುರಿಸಿತು, ತಡೆದುಕೊಂಡೆ. "ಎಮ್ಮೆ ಹಾಲಿಗೆ ಚಿಕ್ಕಪ್ಪನ ಮೇಲೆ ಕೇಸು. ಬುಧವಾರ ಕಚೇರಿ. ಯಾರೂ ನನ್ನ ಮಾತು ಕೇಳುತ್ತಿಲ್ಲ. ಬಾ." ನನ್ನ ಜೀವಮಾನದಲ್ಲಿ ಇಷ್ಟು ಚಿಕ್ಕದಾಗಿ ನಾನು ಏನನ್ನೂ ಹೇಳಿಲ್ಲ. ಕಾರ್ಡು ತಲುಪುತ್ತದೆಂಬ ಭರವಸೆ ಇರಲಿಲ್ಲ. ಕೊರಟಗೆರೆಯ ಬಸ್ಸು ಇದ್ದಲಿನ ಗ್ಯಾಸಿನಲ್ಲಿ ಓಡುವುದು, ಏರು ಬಂದರೆ ಜನ ಇಳಿದು ತಳ್ಳಬೇಕು.

ಬುಧವಾರ ಚಿಕ್ಕಪ್ಪ ಬ್ರೀಚಸ್ ಹಾಕಿಕೊಂಡ. ಎರಡು ತೊಡೆಗೂ ಒಂದೊಂದು ಕುಂಬಳಕಾಯಿ ಕಟ್ಟಿದಂತೆ ಕಾಣುತ್ತಿತ್ತು. ಮೊಣಕಾಲಿನಿಂದ ಕೆಳಗೆ ಎಷ್ಟು ಬಿಗಿಯಾಗಿತ್ತೆಂದರೆ ಕೂರುವುದು ಆಗುತ್ತಿರಲಿಲ್ಲ, ಒರಗಬಹುದಿತ್ತು. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಬೇಕಾಗುತ್ತದೆಂದು ನನ್ನನ್ನೂ ಕರೆದುಕೊಂಡ. ಕೈಗೆ ವೀಳ್ಯದೆಲೆ, ಅಡಿಕೆ, ಕಲ್ಲುಸಕ್ಕರೆಯ ತಟ್ಟೆ ಕೊಟ್ಟ. ಕಚೇರಿಯ ಬಾಗಿಲಲ್ಲಿ ಹೊಸ ಜವಾನನೊಬ್ಬ ಚಿಕ್ಕಪ್ಪನ ಷರಾಯಿ ನೋಡಿ ಎದ್ದು ಸಲಾಮು ಹೊಡೆದ. ಚಿಕ್ಕಪ್ಪ ನನ್ನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದ.

ಒಳಗೆ ಮಹಾರಾಜರ ಪಟದ ಕೆಳಗೆ ಅಮಲ್ದಾರರು ಕೂತಿದ್ದರು. ನಮ್ಮಲ್ಲಿ ಕಂದಾಯ ಕೇಳುವವರೂ ಅವರೇ, ಕೆಲಸ ಕೊಡುವವರೂ ಅವರೇ, ಮ್ಯಾಜಿಸ್ಟ್ರೇಟರಾಗಿ ಜುಲ್ಮಾನೆ ಹಾಕುವವರೂ ಅವರೇ. ಕುರ್ಚಿ ಒಂದೇ. ಯಾವಾಗ ಯಾರಾಗಿದ್ದಾರೆಂದು ಮುಖ ನೋಡಿ ಹೇಳಲಾಗುವುದಿಲ್ಲ. ಬೆಂಚಿನ ಮೇಲೆ ನಿಡುಗಲ್ಲಿನ ಯಜಮಾನರು ಛತ್ರಿಯ ಮೇಲೆ ಗಲ್ಲವಿಟ್ಟುಕೊಂಡು ಚಿಕ್ಕಪ್ಪನ ತೊಡೆಗಳನ್ನೇ ನೋಡುತ್ತಿದ್ದರು. ಗೋಡೆಯ ಪಕ್ಕದಲ್ಲಿ ಮಿಡಿಗೇಶಿಯ ಮುದುಕಿ ಮುದುರಿ ನಿಂತಿದ್ದಳು. ಚಿಕ್ಕಪ್ಪ ಅವಳನ್ನು ಕಂಡ. ಅವನ ಹುಬ್ಬು ಇಳಿಯಿತು. ಆದರೆ ಅಷ್ಟರಲ್ಲಿ ಗುಮಾಸ್ತ ಅವನ ಹೆಸರು ಕೂಗಿ, ಕಾಗದದಿಂದ ತಲೆಯೆತ್ತದೆ ಕೇಳಿದ.

"ಚಾರ್ಜು ಒಪ್ಕೋತೀಯಾ?"

ನಾನು ಹಿಂದಿನಿಂದ ಅವನ ಅಂಗಿ ಜಗ್ಗಿದೆ. "ಇಲ್ಲ ಅನ್ನು" ಎಂದು ಪಿಸುಗುಟ್ಟಿದೆ. ಜವಾನ ಶ್ ಎಂದ. ಚಿಕ್ಕಪ್ಪ ಒಂದು ವರ್ಷದಿಂದ ಕಾದಿದ್ದ ಪ್ರಶ್ನೆ ಅದು, ಕೇಳುತ್ತಿರುವವನು ಅದೇ ಕಚೇರಿಯವನು, ಬೆಂಚಿನ ಮೇಲೆ ಮಾವನಾಗುವವನು. ಬಾಯಿ ತಾನಾಗಿಯೇ ತೆರೆಯಿತು.

"ಒಪ್ಕೊಂಡಿದ್ದೀನಿ ಬುದ್ಧಿ. ಸಂತೋಷವಾಗಿ ಒಪ್ಕೊಂಡಿದ್ದೀನಿ. ಆಕ್ಟಿಂಗ್ನಾಗೇ ಇಷ್ಟ್ ಮಾಡಿದೀನಿ, ಖಾಯಂ ಆದ್ರೆ ಇನ್ನೂ ಚೆನ್ನಾಗಿ ಮಾಡ್ತೀನಿ."

ಅಮಲ್ದಾರರ ಲೇಖನಿ ನಿಂತಿತು. ಅವರು ಮೊದಲು ಚಿಕ್ಕಪ್ಪನ ಮುಖವನ್ನು, ಆಮೇಲೆ ಷರಾಯಿಯನ್ನು, ಆಮೇಲೆ ನನ್ನ ಕೈಯ ತಟ್ಟೆಯನ್ನು ನೋಡಿದರು.

"ಏನಯ್ಯಾ ಒಪ್ಪಿಕೊಂಡದ್ದು ನೀನು? ರೀ, ಓದ್ರೀ ಇವನಿಗೆ, ಕನ್ನಡದಲ್ಲಿ."

ಗುಮಾಸ್ತ ಓದಿದ. ಇಂಥ ದೊಡ್ಡಿಯಲ್ಲಿ, ಇವನ ವಶದಲ್ಲಿದ್ದ, ಈ ಹೆಂಗಸಿಗೆ ಸೇರಿದ ಎಮ್ಮೆಯ ಮೂರು ದಿನದ ಹಾಲನ್ನು ಕರೆದುಕೊಂಡು ಸ್ವಂತಕ್ಕೆ ಉಪಯೋಗಿಸಿಕೊಂಡು ನಂಬಿಕೆದ್ರೋಹ ಮಾಡಿದ್ದಾನೆಂಬ ಆರೋಪ. ಕನ್ನಡದಲ್ಲಿ ಅದು ಎಷ್ಟು ಸಲೀಸಾಗಿ ಅರ್ಥವಾಯಿತು. ಕಚೇರಿಯ ಕಿಟಕಿಯಲ್ಲಿದ್ದ ಗುಬ್ಬಿಗೂ ಅರ್ಥವಾಗಿರಬೇಕು. ಯಜಮಾನರ ಗಲ್ಲ ಛತ್ರಿಯಿಂದ ಮೇಲೆದ್ದಿತು. ಚಿಕ್ಕಪ್ಪ ನನ್ನ ಕಡೆ ತಿರುಗಿದ. ಆ ಮುಖದ ಬಗ್ಗೆ ತಮಾಷೆ ಮಾಡೋಣ ಎಂದು ಎಷ್ಟು ಯೋಚಿಸಿದರೂ ಬರುತ್ತಿಲ್ಲ.

"ಹಾಲು ಕರೆದುಕೊಂಡವನು ನೀನೇನಾ?" ಎಂದು ಅಮಲ್ದಾರರು ಕೇಳಿದರು. ದನಿ ಕೆಟ್ಟದಾಗಿರಲಿಲ್ಲ. ಇಲ್ಲ ಎನ್ನಲು ಅವರೇ ಒಂದು ಬಾಗಿಲು ತೆರೆದಿಟ್ಟ ಹಾಗಿತ್ತು.

ಚಿಕ್ಕಪ್ಪ ಯಜಮಾನರನ್ನು ನೋಡಿದ. ನೆಲ ನೋಡಿದ. ಹೌದು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ನನಗೆ ತಟ್ಟೆ ಎಸೆಯುವಷ್ಟು ಕೋಪ ಬಂತು. ಒಂದು ಪದ ಸಾಕಿತ್ತು.

"ಹೇಳದಿದ್ದರೆ ಒಪ್ಪಿಕೊಂಡ ಹಾಗೇ ಬರೆದುಕೊಳ್ಳಬೇಕಾಗುತ್ತೆ" ಎಂದು ಅಮಲ್ದಾರರು ಲೇಖನಿಯನ್ನು ಮಸಿಯಲ್ಲಿ ಅದ್ದಿದರು.

ಆಗ ಅಮ್ಮ ಬಂದಳು.

ಇದ್ದಲಿನ ಬಸ್ಸಿನ ಮಸಿ ಹಣೆಯಿಂದ ಗಲ್ಲದವರೆಗೆ ಮೆತ್ತಿತ್ತು. ಜವಾನ ಕೈ ಅಡ್ಡ ಹಿಡಿದ. ಅಮ್ಮ ಆ ಕೈಯನ್ನು ಬಾಗಿಲ ಪರದೆಯನ್ನು ಸರಿಸುವಂತೆ ಸರಿಸಿ ಒಳಗೆ ಬಂದು, ತಲೆಯ ಮೇಲೆ ಸೆರಗೆಳೆದುಕೊಂಡು ನಿಂತಳು.

"ಬರ್ಕೋಬೇಡಿ ಬುದ್ಧಿ. ಅವನಿಗೆ ಹಾಲು ಕರೆಯಾಕ್ ಬರಾಕಿಲ್ಲ. ಕರೆದೋಳು ನಾನು."

"ನೀವ್ಯಾರಮ್ಮ?"

"ಇವನ ಅತ್ತಿಗೆ. ಆ ಕಲ್ಲುಸಕ್ಕರೆ ಹಿಡ್ಕೊಂಡು ನಿಂತಿರೋ ಪಂಡಿತೆ ತಾಯಿ."

ಮುದುಕಿ ಗೋಡೆ ಬಿಟ್ಟು ಮುಂದೆ ಬಂದಳು. "ಯಾಕವ್ವ ಕರೆದೆ ನನ್ನ ಎಮ್ಮೇನ?"

"ಇನ್ನೇನ್ ಮಾಡ್ಲವ್ವ. ಕೆಚ್ಚಲು ಕಲ್ಲಾಗಿ ಅರಚ್ಕೊಳ್ತಿತ್ತು. ಹಂಗೇ ಬುಟ್ಟಿದ್ರೆ ಬಾವು ಬಂದು ಮೊಲೇನೇ ಕೆಟ್ಟೋಗೋದು. ಹಾಲು ನಮ್ಮನೇಲಿ ಕುಡಿದಿದ್ದು ನಿಜ. ಬಾಣಂತಿದು ಅಂತ ಗೊತ್ತಿರ್ಲಿಲ್ಲ."

ಮುದುಕಿ ಇನ್ನೂ ಒಂದು ಹೆಜ್ಜೆ ಹತ್ತಿರ ಬಂದಳು. "ಪೂರ್ತಿ ಕರೀತಿದ್ಯಾ, ಕೊನೇಲಿ ಬುಟ್ಬುಡ್ತಿದ್ಯಾ?"

"ಪೂರ್ತಿ ಕಣವ್ವ. ಎರಡ್ ಹೊತ್ತೂ."

"ಅದಕ್ಕೇ ಕೆಡ್ಲಿಲ್ಲ. ಇವನು ಇಷ್ಟು ಹೇಳಿದ್ರೆ ನಾನ್ಯಾಕ್ ಇಲ್ಲೀಗಂಟ ಬತ್ತಿದ್ದೆ. ಎಮ್ಮೇನೇ ಕೇಳು ಅಂದ." ಅವಳು ಅಮಲ್ದಾರರ ಕಡೆ ತಿರುಗಿದಳು. "ನಂಗೆ ಕೇಸು ಬ್ಯಾಡ ಬುದ್ಧಿ."

ಅಮಲ್ದಾರರು ಲೇಖನಿ ಕೆಳಗಿಟ್ಟು, ಮುದುಕಿಯ ಹೆಬ್ಬೆಟ್ಟು ಹಾಕಿಸಿಕೊಳ್ಳಲು ಗುಮಾಸ್ತನಿಗೆ ಹೇಳಿದರು. ಆಮೇಲೆ ಚಿಕ್ಕಪ್ಪನನ್ನು ಕೇಳಿದರು, "ನೀನು ಕರೆದೇ ಇಲ್ಲದಿದ್ದರೆ ಒಪ್ಪಿಕೊಂಡದ್ದು ಯಾಕಯ್ಯಾ?"

ಚಿಕ್ಕಪ್ಪ ಬೆರಳು ಎತ್ತಿ ನನ್ನನ್ನು ತೋರಿಸಿದ. ಇದಕ್ಕೇ ಕಾದಿದ್ದ ನಾನು ಎರಡು ಹೆಜ್ಜೆ ಮುಂದೆ ಬಂದೆ. "ಸಾರ್, ಈ ಪದಕ್ಕೆ ಇಂಗ್ಲಿಷಿನಲ್ಲಿ ಅನೇಕ ಅರ್ಥಗಳಿವೆ" ಎಂದು ಶುರುಮಾಡಿದೆ. ಅಮ್ಮ ನನ್ನ ಕಡೆ ನೋಡಿದಳು. ಎರಡು ಹೆಜ್ಜೆ ಹಿಂದೆ ಹೋದೆ.

ಅಷ್ಟರಲ್ಲಿ ಯಜಮಾನರು ಬೆಂಚಿನಿಂದ ಎದ್ದರು.

"ಅಮ್ಮಾ, ಒಂದ್ ಮಾಟ. ಆ ಹುಡುಗನಿಗೆ ನಿಜಂಗಾನೇ ಎಮ್ಮೆ ಕರೆಯೋಕ್ ಬರಲ್ವಾ?"

ಚಿಕ್ಕಪ್ಪ ಅಮ್ಮನನ್ನು ನೋಡಿದ ರೀತಿಗೆ ಕಲ್ಲೂ ಸುಳ್ಳು ಹೇಳುತ್ತಿತ್ತು. ಅವನು ಬಾಯಿ ಬಿಡದೆ ನಿಂತದ್ದು ಇದಕ್ಕೇ ಎಂದು ನನಗೆ ಆಗ ಹೊಳೆಯಿತು. ಅಮ್ಮ ಸುಳ್ಳು ಹೇಳಲಿಲ್ಲ.

"ಒಂದ್ಸಲ ಕೂತಿದ್ದ. ಒದೀತು. ಆಮೇಲೆ ಕೂರ್ಲಿಲ್ಲ."

"ಕೇಸು, ನೇರಂ ಹಾಕೋದು ಎಲ್ಲಾರ್ ಮೇಲೂ ಹಾಕ್ತಾರಮ್ಮಾ. ನನ್ ಮೇಲೂ ಎರಡು ಕೇಸು ಐತೆ, ಪರವಾಲೇದು. ಖಾಯಂ ಆಗೋದೂ ಇವತ್ತಲ್ಲಾ ನಾಳೆ. ಆದ್ರೆ ನಮ್ಮನೇಲಿ ಎಂಟ್ ಎಮ್ಮೆ, ಗಂಡ್ಸು ನಾನೊಬ್ಬನೇ. ಎಮ್ಮೆಗೆ ಬೆದರೋ ಅಳಿಯನ್ನ ತಕ್ಕೊಂಡ್ ನಾನೇನ್ ಚೇಯಾಲಿ?"

ಛತ್ರಿ ಎತ್ತಿಕೊಂಡು, ಅಮಲ್ದಾರರಿಗೆ ಕೈಮುಗಿದು ಹೊರಟರು. ಚಿಕ್ಕಪ್ಪ ಹಿಂದೆ ಓಡಲು ನೋಡಿದ. ಆ ಷರಾಯಿಯಲ್ಲಿ ಓಡುವುದು ಆಗಲಿಲ್ಲ.

"ಎಲ್ಲಿಗೋ?" ಎಂದಳು ಅಮ್ಮ. "ದೊಡ್ಡಿ ಬೀಗದ ಕೈ ಆ ಮೇಜಿನ ಮ್ಯಾಲಿಡು. ಬಾಯಿಲ್ಲದ ಪ್ರಾಣಿ ಹತ್ರ ಕೂರೋಕ್ ಹೆದ್ರೋನಿಗೆ ಆ ಕೆಲ್ಸ ಯಾಕೆ."

"ಅತ್ಗೆ, ಒಂದ್ ವರ್ಷ ಕಾದಿದ್ದೀನಿ."

"ಇಡು ಅಂದೆ."

ಚಿಕ್ಕಪ್ಪ ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈಯನ್ನು ಆ ಬಿಗಿ ಷರಾಯಿಯೊಳಗಿಂದ ಎಳೆದು ತೆಗೆಯಲು ಬಹಳ ಹೊತ್ತು ಹಿಡಿಯಿತು. ಇಡೀ ಕಚೇರಿ ಕಾಯಿತು. ಕೊನೆಗೆ ಅದನ್ನು ಅಮಲ್ದಾರರ ಮೇಜಿನ ಮೇಲೆ ಇಟ್ಟ. ಅಮಲ್ದಾರರು ಅದನ್ನು ತಮ್ಮ ಕಡೆಗೆ ಸರಿಸಿಕೊಂಡರು.

ಅಮ್ಮ ನನ್ನ ಕೈಯಿಂದ ತಟ್ಟೆ ಕಿತ್ತುಕೊಂಡು, ಕಲ್ಲುಸಕ್ಕರೆಯಷ್ಟನ್ನೂ ಮುದುಕಿಯ ಸೆರಗಿಗೆ ಸುರಿದು, "ಬಾಣಂತಿಗೆ ಕೊಡವ್ವ" ಎಂದಳು.